ಉಪ್ಪುಗಾಳಿಯಲ್ಲಿ ನಿಂತ ಯೆಜ್ಡಿ

ಭಟ್ಕಳ ತಾಲ್ಲೂಕಿನ ಹೆಬಳೆಯಂಥ ಕಡಲೂರಿನಲ್ಲಿ ಮೋಟಾರ್ ಸೈಕಲೊಂದನ್ನು ಹತ್ತು ಮಳೆಗಾಲ ಓಡಿಸದೆ ನಿಲ್ಲಿಸಿದರೆ ಅದರ ಯಾವ ಯಾವ ಭಾಗ ಕೆಟ್ಟಿರುತ್ತದೆ ಎಂಬುದನ್ನು ಬಹುಮಟ್ಟಿಗೆ ನೋಡದೆಯೇ ಹೇಳಬಹುದು. ಹತ್ತಿರದ ತೆಂಗಿನಗುಂಡಿ ದಂಡೆಯಲ್ಲಿ ಅಲೆ ಒಡೆಯುವಾಗ ಏಳುವ ತುಂತುರು ಗಾಳಿಯಲ್ಲೇ ಒಣಗಿ, ಕಣ್ಣಿಗೆ ಕಾಣದ ಉಪ್ಪಿನ ಕಣಗಳಾಗಿ ಊರೊಳಗೆ ತೇಲಿಬರುತ್ತದೆ. ಕಿಟಕಿಯ ಸರಳು, ಬಾವಿಯ ರಾಟೆ, ಸೈಕಲ್ಲಿನ ಹ್ಯಾಂಡಲ್ಲು ಎಲ್ಲದರ ಮೇಲೂ ಅದು ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯ ಲೆಕ್ಕ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ದುಡಿಮೆಗೆಂದು ಮನೆಯವರು ಕೊಲ್ಲಿ ನಾಡಿಗೋ ಬೆಂಗಳೂರಿಗೋ ಹೋಗಿ, ಹಿತ್ತಲಿನ ಮಾಡಿನ ಕೆಳಗೆ ತಾರ್ಪಾಲು ಹೊದ್ದು ನಿಂತ ಗಾಡಿಗಳು ಈ ಕರಾವಳಿಯ ಊರುಗಳಿಗೆ ಹೊಸದಲ್ಲ. ಅಂಥ ಗಾಡಿಯನ್ನು ಕೊಂಡವರು ಮೊದಲು ತಿಳಿಯಬೇಕಾದದ್ದು ಎಂಜಿನ್ನಿನ ವಿಷಯವಲ್ಲ, ಗಾಳಿಯ ವಿಷಯ.

ಸಾಮಾನ್ಯ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತ ದಾಟಿದಾಗ ತೇವವನ್ನು ಹೀರಿ ತಾನೇ ನೀರಾಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒಸರುವುದು ಇದರಿಂದಲೇ. ಆದರೆ ಸಮುದ್ರದ ಉಪ್ಪಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮೆಗ್ನೀಸಿಯಂ ಕ್ಲೋರೈಡ್ ಇದೆ. ಅದು ನೀರಾಗಲು 33 ಪ್ರತಿಶತ ಆರ್ದ್ರತೆ ಸಾಕು. ಕರಾವಳಿಯ ಗಾಳಿ ಬಿರುಬೇಸಿಗೆಯಲ್ಲೂ ಅಷ್ಟು ಒಣಗುವುದು ಅಪರೂಪ. ಹಾಗಾಗಿ ಉಪ್ಪು ಕೂತ ಕಬ್ಬಿಣದ ಮೈ ನೋಡುವುದಕ್ಕೆ ಒಣಗಿದಂತಿದ್ದರೂ ವರ್ಷವಿಡೀ ತೆಳುವಾದ ಉಪ್ಪುನೀರಿನ ಪೊರೆಯಡಿಯಲ್ಲೇ ಇರುತ್ತದೆ. ತಾರ್ಪಾಲು ಮಳೆಯನ್ನು ತಡೆಯುತ್ತದೆ ನಿಜ, ಆದರೆ ನೆಲದಿಂದ ಏಳುವ ಆವಿಯನ್ನು ಒಳಗೇ ಹಿಡಿದಿಡುತ್ತದೆ. ಗಾಳಿಯಾಡುವ ಮಾಡಿನ ಕೆಳಗೆ ಬರಿಮೈಯಲ್ಲಿ ನಿಂತ ಗಾಡಿ ಬಿಗಿಯಾಗಿ ಹೊದಿಸಿದ ಗಾಡಿಗಿಂತ ಎಷ್ಟೋ ಸಲ ಚೆನ್ನಾಗಿರುವುದು ಇದೇ ಕಾರಣಕ್ಕೆ.

ತುಕ್ಕು ಹಿಡಿಯುವುದು ಒಂದು ಸಣ್ಣ ಬ್ಯಾಟರಿಯ ಕೆಲಸ. ನೀರಿನ ಪೊರೆಯಡಿಯಲ್ಲಿ ಕಬ್ಬಿಣದ ಒಂದು ಚುಕ್ಕೆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಪಕ್ಕದ ಇನ್ನೊಂದು ಜಾಗದಲ್ಲಿ ಗಾಳಿಯ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುತ್ತದೆ. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಸಲೀಸಾಗಿ ಹರಿಸುವುದರಿಂದ ಈ ಬ್ಯಾಟರಿ ಜೋರಾಗಿ ನಡೆಯುತ್ತದೆ. ಅಷ್ಟೇ ಅಲ್ಲ, ಕ್ಲೋರೈಡ್ ಅಯಾನುಗಳು ತುಕ್ಕಿನ ಗುಳಿಯ ತಳಕ್ಕೆ ಇಳಿದು ಅಲ್ಲಿ ಆಮ್ಲೀಯ ದ್ರಾವಣವನ್ನು ಉಳಿಸಿಕೊಳ್ಳುತ್ತವೆ. ಮೇಲಿನ ತುಕ್ಕನ್ನು ಉಜ್ಜಿ ಬಣ್ಣ ಬಳಿದ ಮೇಲೂ ಆರು ತಿಂಗಳಲ್ಲಿ ಅದೇ ಜಾಗದಲ್ಲಿ ಗುಳ್ಳೆ ಏಳುವುದು ಗುಳಿಯ ತಳದಲ್ಲಿ ಉಳಿದ ಈ ಕ್ಲೋರೈಡಿನಿಂದ. ಆದ್ದರಿಂದ ಕಡಲೂರಿನ ಗಾಡಿಗೆ ಮೊದಲ ಚಿಕಿತ್ಸೆ ಸ್ಪ್ಯಾನರ್ ಅಲ್ಲ, ಬಾವಿಯ ಸಿಹಿನೀರು. ಎರಡು ಮೂರು ಸಲ ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿದ ನಂತರವೇ ಬೇರೆ ಕೆಲಸ.

ಈ ನೆಲಕ್ಕೂ ತುಕ್ಕಿಗೂ ಹಳೆಯ ನಂಟಿದೆ. ಮನೆ ಕಟ್ಟುವ ಚಿರೆಕಲ್ಲಿನ ಕೆಂಪು ಕಬ್ಬಿಣದ ಆಕ್ಸೈಡುಗಳದೇ. 1801ರ ಸುಮಾರಿಗೆ ಈ ಕರಾವಳಿಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ, ಕೇರಳದ ಅಂಗಡಿಪುರದಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದೆ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಭಟ್ಕಳ ಬಂದರಿನಿಂದ ಹಡಗೇರುತ್ತಿದ್ದ ಸರಕುಗಳಲ್ಲಿ ಅಕ್ಕಿ, ಸಕ್ಕರೆಯ ಜೊತೆಗೆ ಕಬ್ಬಿಣವನ್ನೂ ಹೆಸರಿಸಿದ್ದಾನೆ. ಅದಿರಿನಿಂದ ಕಷ್ಟಪಟ್ಟು ಬೇರ್ಪಡಿಸಿದ ಕಬ್ಬಿಣ ಸಿಕ್ಕ ಅವಕಾಶದಲ್ಲಿ ಮತ್ತೆ ಅದಿರಾಗಲು ಹವಣಿಸುತ್ತದೆ; ತುಕ್ಕು ಎಂದರೆ ಆ ಮರಳುವಿಕೆ.

ಕರ್ನಾಟಕದಲ್ಲಿ ಹಳೆಯ ಮೋಟಾರ್ ಸೈಕಲ್ ಎಂದರೆ ಹೆಚ್ಚಿನವರ ನೆನಪಿಗೆ ಬರುವುದು ಮೈಸೂರಿನಲ್ಲೇ ತಯಾರಾದ ಜಾವಾ ಮತ್ತು ಯೆಜ್ಡಿ. ಜಾವಾ ಮೂಲತಃ ಜೆಕೊಸ್ಲೊವಾಕಿಯಾದ ಕಂಪನಿ. 1929ರಲ್ಲಿ ಅದನ್ನು ಕಟ್ಟಿದ ಫ್ರಾಂಟಿಶೆಕ್ ಯಾನೆಚೆಕ್ (Janeček) ಅವರ ಕುಲನಾಮದ ಮೊದಲೆರಡು ಅಕ್ಷರಕ್ಕೆ ವಾಂಡರರ್ (Wanderer) ಎಂಬ ಜರ್ಮನ್ ಕಂಪನಿಯ ಮೊದಲೆರಡು ಅಕ್ಷರ ಸೇರಿ ಆದ ಹೆಸರು ಅದು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಕೆಲಸ ಆರಂಭಿಸಿತು. 1973ರಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ ಎನ್ನುತ್ತಾರೆ. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೀಗಾಗಿ ಇಂದು ಕೈಗೆ ಸಿಗುವ ಅತಿ ಕಿರಿಯ ಮೈಸೂರು ಯೆಜ್ಡಿಗೂ ಮೂವತ್ತು ವರ್ಷ ತುಂಬುತ್ತಿದೆ.

ಇದರ 250 ಸಿಸಿ ಎಂಜಿನ್ ಕಲಿಯುವವರಿಗೆ ಹೇಳಿಮಾಡಿಸಿದಂತಿದೆ. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಎರಡೂ ಸೇರಿ 248.5 ಘನ ಸೆಂಟಿಮೀಟರ್. ಒಂದೇ ಸಿಲಿಂಡರ್ ಆದರೂ ಸೈಲೆನ್ಸರ್ ಎರಡು. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಆಯಿಲ್ ಪಂಪೂ ಇಲ್ಲ. ಟೂ-ಸ್ಟ್ರೋಕ್ ಆದ್ದರಿಂದ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಕಿಕ್ಕರ್ ಮತ್ತು ಗೇರ್‌ಗೆ ಎಡಗಡೆ ಇರುವುದು ಒಂದೇ ಲಿವರ್: ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ತನ್ನ ಜಾಗಕ್ಕೆ ಮರಳಿದರೆ ಗೇರ್. ಚಲಿಸುವ ಭಾಗಗಳು ಕಡಿಮೆ ಇರುವುದರಿಂದ ರೋಗ ಎಲ್ಲಿದೆ ಎಂದು ಹುಡುಕುವುದು ಸುಲಭ. ಈ ಗಾಡಿಗಳು ಇಷ್ಟು ಕಾಲ ಬದುಕಿರುವುದಕ್ಕೆ ಅಭಿಮಾನಿಗಳ ಪ್ರೀತಿಯಷ್ಟೇ ಈ ಸರಳತೆಯೂ ಕಾರಣ.

ಗಾಡಿ ಮನೆಗೆ ಬಂದ ದಿನ ಎಲ್ಲರಿಗೂ ಆಗುವ ಆಸೆ ಒಂದೇ: ಪ್ಲಗ್ ಒರೆಸಿ, ಹೊಸ ಪೆಟ್ರೋಲ್ ಹಾಕಿ, ಒಂದು ಕಿಕ್ ಹೊಡೆದು ನೋಡೋಣ. ಇದನ್ನು ಖಂಡಿತ ಮಾಡಬಾರದು. ವರ್ಷಗಟ್ಟಲೆ ನಿಂತ ಎಂಜಿನ್ನಿನ ಬೋರ್ ಗೋಡೆಯಲ್ಲಿ ಎಣ್ಣೆಯ ಪೊರೆ ಉಳಿದಿರುವುದಿಲ್ಲ. ಎರಕದ ಕಬ್ಬಿಣದ ಬೋರ್ ಮತ್ತು ರಿಂಗು ತಾಗುವ ಗೆರೆಯಲ್ಲಿ ತುಕ್ಕು ಬೆಸುಗೆ ಹಾಕಿದಂತೆ ಕೂತಿರುತ್ತದೆ. ಬಲವಂತದ ಕಿಕ್ಕಿಗೆ ರಿಂಗು ತುಂಡಾದರೆ ಆ ಚೂರು ಪೋರ್ಟಿನ ಅಂಚಿಗೆ ಸಿಕ್ಕಿ ಪಿಸ್ಟನ್ನನ್ನೂ ಬೋರನ್ನೂ ಹಾಳು ಮಾಡುತ್ತದೆ. ಮೊದಲು ಪ್ಲಗ್ ಬಿಚ್ಚಿ, ಆ ತೂತಿನಿಂದ ಎರಡು ಮೂರು ಚಮಚ ಡೀಸೆಲ್ ಮತ್ತು ತೆಳು ಎಣ್ಣೆಯ ಮಿಶ್ರಣ ಬಿಟ್ಟು, ಎರಡು ದಿನ ಸುಮ್ಮನಿರಬೇಕು. ಆಮೇಲೆ ಗಾಡಿಯನ್ನು ಮೂರನೇ ಅಥವಾ ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಮೆಲ್ಲಗೆ ತಿರುಗಿಸಬೇಕು. ಕೂದಲೆಳೆಯಷ್ಟು ಅಲುಗಾಡಿದರೂ ಸಾಕು, ಎಣ್ಣೆ ಒಳಗಿಳಿಯುತ್ತಿದೆ ಎಂದರ್ಥ.

ಎಣ್ಣೆ ಇಳಿಯುವುದು ಲೋಮನಾಳ ಕ್ರಿಯೆಯಿಂದ. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆಯುವುದೂ ಹೀಗೆಯೇ. ಸಂದು ಕಿರಿದಾದಷ್ಟೂ ಸೆಳೆತ ಹೆಚ್ಚು. ದ್ರವ ತೆಳುವಾದಷ್ಟೂ ವೇಗ ಹೆಚ್ಚು. ದಪ್ಪ ಎಂಜಿನ್ ಆಯಿಲ್ ಈ ಕೆಲಸಕ್ಕೆ ಬಾರದು. ಬಿಡದ ನಟ್ಟುಬೋಲ್ಟುಗಳಿಗೂ ಇದೇ ನಿಯಮ, ಜೊತೆಗೆ ಶಾಖ. ಯೆಜ್ಡಿಯ ಎಂಜಿನ್ ಕವಚ ಅಲ್ಯೂಮಿನಿಯಂ, ಅದರ ಸ್ಕ್ರೂಗಳು ಉಕ್ಕು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಎಲೆಕ್ಟ್ರಾನನ್ನು ಸುಲಭವಾಗಿ ಬಿಡುವ ಲೋಹ ಕರಗುತ್ತದೆ. ಇಲ್ಲಿ ಕರಗುವುದು ಅಲ್ಯೂಮಿನಿಯಂ. ಸ್ಕ್ರೂ ಸುತ್ತ ಕಾಣುವ ಸುಣ್ಣದಂಥ ಬಿಳಿ ಪುಡಿ ಆ ಕರಗುವಿಕೆಯ ಗುರುತು. ಅದು ಹುಟ್ಟಿದ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸ್ಕ್ರೂವನ್ನು ಸುತ್ತಲಿಂದ ಅಮುಕಿ ಹಿಡಿಯುತ್ತದೆ. ಕಾಯಿಸಿದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ತೂತು ದೊಡ್ಡದಾಗಿ ಹಿಡಿತ ಸಡಿಲುತ್ತದೆ. ಎಣ್ಣೆ, ಶಾಖ, ಸುತ್ತಿಗೆಯ ಹದವಾದ ಏಟು, ಮತ್ತೆ ಎಣ್ಣೆ. ನಾಲ್ಕು ದಿನ ಹೀಗೆ ಮಾಡಿದರೆ ಬರುವ ಸ್ಕ್ರೂವನ್ನು ಮೊದಲ ದಿನವೇ ತಿರುಚಿ ತಲೆ ಮುರಿದುಕೊಂಡರೆ ಲೇತಿನವರ ಬಳಿ ಕೊರೆಸುವ ಖರ್ಚು ತಪ್ಪದು. ಬೇರಿಂಗ್ ತೆಗೆಯುವುದಕ್ಕೂ ಇದೇ ಶಾಖ ಬೇಕು. ನೂರು ನೂರಿಪ್ಪತ್ತು ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕವಚವನ್ನು ಮಣೆಯ ಮೇಲೆ ಮೆಲ್ಲಗೆ ತಟ್ಟಿದರೆ ಬೇರಿಂಗ್ ತಾನಾಗಿ ಕಳಚಿ ಬೀಳುತ್ತದೆ. ಹೊಡೆದು ತೆಗೆದರೆ ಕೂರುವ ಜಾಗವೇ ಸವೆದು ಹೊಸ ಬೇರಿಂಗ್ ಸಡಿಲವಾಗುತ್ತದೆ.

ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋಟೊ ತೆಗೆದು, ಪ್ರತಿ ಭಾಗದ ನಟ್ಟು ವಾಷರ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಬೇಕು. ಜೋಡಿಸುವ ಕೆಲಸ ಎಷ್ಟೋ ಸಲ ತಿಂಗಳುಗಳ ನಂತರ ನಡೆಯುತ್ತದೆ.

ಸಿಲಿಂಡರ್ ಎತ್ತಿದ ಮೇಲೆ ನಿಜಸ್ಥಿತಿ ತಿಳಿಯುತ್ತದೆ. ಬೋರ್ ಗೋಡೆಯ ಮೇಲಿನ ತುಕ್ಕಿನ ಕಲೆ ಬೆರಳ ಉಗುರಿಗೆ ತಾಗದಿದ್ದರೆ ಹೋನ್ ಮಾಡಿದರೆ ಹೋದೀತು. ಉಗುರು ಸಿಕ್ಕಿಕೊಂಡರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದೇ ದಾರಿ. ಇಲ್ಲಿ ಲೇತಿನವರೊಡನೆ ಮಾತಾಡಬೇಕಾದ ವಿಷಯ ಪಿಸ್ಟನ್ ಮತ್ತು ಗೋಡೆಯ ನಡುವಿನ ಸಂದು. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹ, ಸಿಲಿಂಡರ್ ಎರಕದ ಕಬ್ಬಿಣ. 65 ಮಿ.ಮೀ. ಅಗಲದ ಪಿಸ್ಟನ್ ನೂರು ಡಿಗ್ರಿ ಹೆಚ್ಚು ಕಾದಾಗ ಸುಮಾರು 0.13 ಮಿ.ಮೀ. ಹಿಗ್ಗುತ್ತದೆ, ಸಿಲಿಂಡರ್ ಹಿಗ್ಗುವುದು ಸುಮಾರು 0.07 ಮಿ.ಮೀ. ವ್ಯತ್ಯಾಸ 0.06 ಮಿ.ಮೀ., ಒಂದು ತಲೆಗೂದಲಿನ ದಪ್ಪ. ಅಷ್ಟು ಸಂದು ಮೊದಲೇ ಬಿಡದಿದ್ದರೆ ಬಿಸಿಯಾದ ಪಿಸ್ಟನ್ ಗೋಡೆಗೆ ಕಚ್ಚಿ ಹಿಡಿಯುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ ಸೀಜ್ ಆಗುವುದು ಎನ್ನುತ್ತಾರೆ. ಹೆಚ್ಚು ಬಿಟ್ಟರೆ ಪಿಸ್ಟನ್ ಅಲುಗಾಡಿ ಟಪಟಪ ಸದ್ದು ಮಾಡುತ್ತದೆ, ಒತ್ತಡ ಸೋರುತ್ತದೆ. ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಬೋರ್ ಮಾಡಿಸಬೇಕು. ಅಳತೆ ಬರೆದುಕೊಟ್ಟು ಬರುವುದು ಸಾಲದು.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೋಣೆಯೂ ಒಂದು ಪಂಪು. ಪಿಸ್ಟನ್ ಮೇಲೇರುವಾಗ ಕೆಳಗಿನ ಕೋಣೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒಳಗೆಳೆಯುತ್ತದೆ. ಇಳಿಯುವಾಗ ಅದನ್ನೇ ಒತ್ತಿ, ಪಕ್ಕದ ದಾರಿಗಳಿಂದ ಮೇಲಕ್ಕೆ ಕಳಿಸುತ್ತದೆ. ಆ ಕೋಣೆ ಗಾಳಿಯಾಡದಂತಿರುವುದು ಕ್ರ್ಯಾಂಕ್ ಶಾಫ್ಟಿನ ಎರಡು ಬದಿಯ ಆಯಿಲ್ ಸೀಲುಗಳಿಂದ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ರಬ್ಬರ್ ಬಳೆಗಳು ಗಟ್ಟಿಯಾಗಿ ಬಿರುಕುಬಿಟ್ಟಿರುತ್ತವೆ. ಬಲಗಡೆಯ ಡೈನಮೊ ಬದಿಯ ಸೀಲ್ ಸೋರಿದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ, ಎಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯುವುದಿಲ್ಲ. ಎಡಗಡೆಯದು ಸೋರಿದರೆ ಗೇರ್ ಪೆಟ್ಟಿಗೆಯ ಎಣ್ಣೆಯನ್ನೇ ಎಂಜಿನ್ ಕುಡಿಯುತ್ತದೆ. ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತದೆ. ಕಾರ್ಬ್ಯುರೇಟರ್ ತಿರುಗಿಸಿ ತಿರುಗಿಸಿ ಸೋತವರ ಗಾಡಿಯಲ್ಲಿ ಎಷ್ಟೋ ಸಲ ತಪ್ಪಿರುವುದು ಈ ಸೀಲಿನಲ್ಲಿ. ಇವುಗಳ ಬೆಲೆ ತೀರಾ ಕಡಿಮೆ. ಎಂಜಿನ್ ಬಿಚ್ಚಿದ ಮೇಲೆ ಹಳೆಯದನ್ನೇ ಹಾಕಿ ಮುಚ್ಚುವುದು ದೊಡ್ಡ ತಪ್ಪು. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿದಾಗ ಸ್ವಲ್ಪವೂ ಆಟ ಇರಬಾರದು. ಪಕ್ಕಕ್ಕೆ ಅಲುಗಿದರೆ ತೊಂದರೆಯಿಲ್ಲ. ಆಟವಿದ್ದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ ನೇರ ಮಾಡಬೇಕು. ಅದು ಪಳಗಿದ ಕೈಯ ಕೆಲಸ.

ಇನ್ನು ಟ್ಯಾಂಕ್. ಮುಚ್ಚಳ ತೆಗೆದಾಗ ಮೂಗಿಗೆ ಬಡಿಯುವುದು ಪೆಟ್ರೋಲಿನ ವಾಸನೆಯಲ್ಲ, ಹಳೆಯ ವಾರ್ನಿಷಿನ ಘಾಟು. ಪೆಟ್ರೋಲಿನ ಕೆಲವು ಹೈಡ್ರೋಕಾರ್ಬನ್ನುಗಳು ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ಕೂಡಿ ಅಂಟಾಗುತ್ತವೆ. ಟ್ಯಾಂಕಿನ ಒಳಮೈಯಲ್ಲಿ ಅಂಟು, ಅದರಡಿಯಲ್ಲಿ ತುಕ್ಕು. ಒಳಗೆ ಜಲ್ಲಿಯೋ ನಟ್ಟುಗಳೋ ಹಾಕಿ ಕುಲುಕುವ ರೂಢಿ ಇದೆ. ತೆಳ್ಳಗಾದ ತಗಡಿಗೆ ಅದು ಒಳ್ಳೆಯದಲ್ಲ. ವಿದ್ಯುತ್ತಿನಿಂದ ತುಕ್ಕು ಬಿಡಿಸುವುದು ಹೆಚ್ಚು ಮೃದುವಾದ ವಿಧಾನ. ಟ್ಯಾಂಕನ್ನು ಮಾರ್ಜಕದ ಬಿಸಿನೀರಿನಿಂದ ಹಲವು ಸಲ ತೊಳೆದು ಪೆಟ್ರೋಲಿನ ಆವಿ ಪೂರ್ತಿ ಹೋದ ಮೇಲೆ, ಲೀಟರಿಗೆ ಒಂದು ಚಮಚದಂತೆ ವಾಷಿಂಗ್ ಸೋಡಾ ಕದಡಿದ ನೀರು ತುಂಬಬೇಕು. ಬಾಯಿಯಿಂದ ಒಂದು ಸಾದಾ ಕಬ್ಬಿಣದ ಸರಳನ್ನು ಟ್ಯಾಂಕಿಗೆ ಎಲ್ಲೂ ತಾಗದಂತೆ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಧನ ತಂತಿಯನ್ನು ಸರಳಿಗೆ, ಋಣ ತಂತಿಯನ್ನು ಟ್ಯಾಂಕಿಗೆ ಸೇರಿಸಬೇಕು. ಟ್ಯಾಂಕಿನ ಮೈಯಿಂದ ಹೈಡ್ರೋಜನ್ ಗುಳ್ಳೆಗಳು ಏಳುತ್ತ ತುಕ್ಕಿನ ಪದರವನ್ನು ಸಡಿಲಿಸುತ್ತವೆ, ಕೆಂಪು ತುಕ್ಕು ಕಪ್ಪಾಗಿ ಒರಸಿದರೆ ಬರುವಂತಾಗುತ್ತದೆ. ಗಟ್ಟಿ ಲೋಹಕ್ಕೆ ಹಾನಿಯಿಲ್ಲ. ಮಧ್ಯೆ ಮಧ್ಯೆ ಸರಳನ್ನು ಹೊರತೆಗೆದು ಅದಕ್ಕಂಟಿದ ರಾಡಿಯನ್ನು ಕೆರೆದು ಹಾಕಬೇಕು.

ಇಲ್ಲಿ ನಾಲ್ಕು ಎಚ್ಚರಿಕೆಗಳಿವೆ, ಯಾವುದನ್ನೂ ಹಗುರವಾಗಿ ಕಾಣಬಾರದು. ಸ್ಟೇನ್‌ಲೆಸ್ ಸ್ಟೀಲ್ ಸರಳು ಬಳಸಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಸೋಡಾದ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಹೈಡ್ರೋಜನ್ ಉರಿಯುವ ಅನಿಲವಾದ್ದರಿಂದ ಕೆಲಸ ಬಯಲಲ್ಲೇ ಆಗಬೇಕು, ಹತ್ತಿರ ಬೀಡಿ, ಬೆಂಕಿ ಬೇಡ. ಅಲ್ಯೂಮಿನಿಯಂ ಭಾಗಗಳನ್ನು ಈ ನೀರಿಗೆ ಹಾಕಬಾರದು, ಕ್ಷಾರ ಅವನ್ನು ತಿನ್ನುತ್ತದೆ. ಟ್ಯಾಂಕಿಗೆ ಬೆಸುಗೆ ಬೇಕಾದರೆ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಗಾಳಿಯಲ್ಲಿ ಪೆಟ್ರೋಲ್ ಆವಿ ಒಂದೂವರೆ ಪ್ರತಿಶತದಿಂದ ಏಳೂವರೆ ಪ್ರತಿಶತದ ಆಸುಪಾಸಿನಲ್ಲಿದ್ದಾಗ ಕಿಡಿ ತಗುಲಿದರೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಇದಕ್ಕಿಂತ ದಟ್ಟ. ಬರಿದಾದ ಟ್ಯಾಂಕಿನಲ್ಲೇ ಈ ಪ್ರಮಾಣ ಸಿಗುವುದು. ಖಾಲಿ ಇದೆ ಎಂಬ ಧೈರ್ಯದಿಂದ ಬೆಸುಗೆಗೆ ಕೂತವರು ಪ್ರಾಣ ಕಳೆದುಕೊಳ್ಳುವುದು ಹೀಗೆ.

ಕಾರ್ಬ್ಯುರೇಟರಿನ ಜೆಟ್ ಒಂದು ಮಿಲಿಮೀಟರಿಗಿಂತ ಕಿರಿದಾದ ತೂತು. ಅಂಟು ಕಟ್ಟಿಕೊಂಡರೆ ತಂತಿ ಚುಚ್ಚಿ ಬಿಡಿಸುವುದು ಗ್ಯಾರೇಜುಗಳ ಅಭ್ಯಾಸ. ಹಿತ್ತಾಳೆ ಮೆತುವಾದ ಲೋಹ. ತಂತಿಯಿಂದ ತೂತಿನ ಅಗಲ ಹತ್ತು ಪ್ರತಿಶತ ಹೆಚ್ಚಿದರೆ ಅದರ ವಿಸ್ತೀರ್ಣ 21 ಪ್ರತಿಶತ ಹೆಚ್ಚುತ್ತದೆ, ಪೆಟ್ರೋಲ್ ಹೆಚ್ಚು ಹರಿಯುತ್ತದೆ. ದ್ರಾವಕದಲ್ಲಿ ನೆನೆಸಿ ಗಾಳಿ ಊದುವುದೇ ಸರಿ. ಇಂದಿನ ಪೆಟ್ರೋಲಿನಿಂದ ಇನ್ನೊಂದು ಸಮಸ್ಯೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಿಗುವ ಪೆಟ್ರೋಲಿಗೆ 20 ಪ್ರತಿಶತ ಎಥನಾಲ್ ಸೇರಿದೆ. ಬರಿಯ ಪೆಟ್ರೋಲ್ ಒಂದು ಕಿಲೊ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು; ಈ ಮಿಶ್ರಣಕ್ಕೆ ಸುಮಾರು 13.5 ಕಿಲೊ ಸಾಕು. ಹಳೆಯ ಕಾರ್ಬ್ಯುರೇಟರಿಗೆ ಇದು ತಿಳಿಯದು; ಅದು ಮೊದಲಿನಷ್ಟೇ ಗಾಳಿ ಕೊಡುತ್ತದೆ, ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಹೆಚ್ಚು ಕಾಯುತ್ತದೆ. ಒಂದು ಅಳತೆ ದೊಡ್ಡ ಜೆಟ್ ಹಾಕುವುದು ಇದಕ್ಕೆ ಪರಿಹಾರ. ಎಥನಾಲ್ ನೀರನ್ನೂ ಹೀರುತ್ತದೆ. ಹೀರಿದ ನೀರು ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ, ತುಕ್ಕು ಹೊಸದಾಗಿ ಶುರುವಾಗುತ್ತದೆ. ಕರಾವಳಿಯ ಮಳೆಗಾಲಕ್ಕೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಹಳೆಯ ರಬ್ಬರ್ ಪೈಪು, ವಾಷರ್‌ಗಳು ಎಥನಾಲಿಗೆ ಊದಿಕೊಳ್ಳುವುದರಿಂದ ಅವನ್ನೂ ಬದಲಿಸಬೇಕು.

ಹಳೆಯ ಜಾವಾದ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಹೆಡ್‌ಲೈಟ್ ಮಂಕು ಎಂಬ ದೂರು ಇದರ ಬಗ್ಗೆ ಎಲ್ಲರದೂ. ತಪ್ಪು ಬಹಳ ಸಲ ಬಲ್ಬಿನದಲ್ಲ, ಕಿಲುಬು ಹಿಡಿದ ಕನೆಕ್ಷನ್ನುಗಳದು. 25 ವಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ 4 ಆಂಪಿಯರಿಗೂ ಹೆಚ್ಚು ವಿದ್ಯುತ್ ಹರಿಯಬೇಕು. ದಾರಿಯಲ್ಲಿ ಕಾಲು ಓಮ್‌ನಷ್ಟು ರೋಧ ಸೇರಿದರೆ ಒಂದು ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ತಂತು ಬಲ್ಬಿನ ಬೆಳಕು ವೋಲ್ಟೇಜ್ ಇಳಿದದ್ದಕ್ಕಿಂತ ಎಷ್ಟೋ ಪಟ್ಟು ಬೇಗ ಇಳಿಯುವುದರಿಂದ, ಬಲ್ಬಿಗೆ 6ರ ಬದಲು 5 ವೋಲ್ಟ್ ಸಿಕ್ಕರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಬಣ್ಣ ಬಳಿದ ಫ್ರೇಮಿನಲ್ಲಿ ಅರ್ತಿಂಗ್ ಕೂರುವ ಜಾಗವನ್ನು ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದರೆ ಆ ಅರ್ಧ ಬೆಳಕು ಮರಳುತ್ತದೆ.

ಕಿಡಿಯ ಕಥೆ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡ ನಿಯಮದ್ದು: ಕಾಂತಕ್ಷೇತ್ರ ಎಷ್ಟು ಬೇಗ ಬದಲಾಗುತ್ತದೋ ಸುರುಳಿಯಲ್ಲಿ ಅಷ್ಟು ಹೆಚ್ಚು ವೋಲ್ಟೇಜ್ ಹುಟ್ಟುತ್ತದೆ. ಸ್ವಿಚ್ಚಿನಂತೆ ಕೆಲಸ ಮಾಡುವ ಪಾಯಿಂಟ್ ತೆರೆದಾಗ ಕಾಯಿಲಿನ ವಿದ್ಯುತ್ ತಟ್ಟನೆ ಕಡಿದು, ಕಾಂತಕ್ಷೇತ್ರ ಕುಸಿದು, ಪ್ಲಗ್ಗಿಗೆ ಹತ್ತು ಸಾವಿರ ವೋಲ್ಟಿಗೂ ಹೆಚ್ಚು ಹೋಗುತ್ತದೆ. ನಿಮಿಷಕ್ಕೆ 4,000 ಸುತ್ತು ತಿರುಗುವ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಇದು ಸೆಕೆಂಡಿಗೆ 66 ಸಲಕ್ಕೂ ಹೆಚ್ಚು ನಡೆಯಬೇಕು. ಕಂಡೆನ್ಸರ್ ಇಲ್ಲದಿದ್ದರೆ ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ವಿದ್ಯುತ್ ತಟ್ಟನೆ ಕಡಿಯುವುದಿಲ್ಲ, ಪ್ಲಗ್ಗಿನ ಕಿಡಿ ಸೊರಗುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಐದಾರು ಕಿಲೋಮೀಟರ್ ಹೋಗಿ ನಿಲ್ಲುವ ಗಾಡಿಯಲ್ಲಿ ಕಂಡೆನ್ಸರನ್ನು ಮೊದಲು ಸಂಶಯಿಸಬೇಕು. ತೆರೆದ ಪಾಯಿಂಟುಗಳ ಸಂದು 0.4 ಮಿ.ಮೀ. ಇದ್ದರೆ ಸರಿ.

ಬ್ರೇಕ್ ಮತ್ತು ಟಯರ್ ವಿಷಯದಲ್ಲಿ ಹಳೆಯದನ್ನು ಉಳಿಸುವ ಮೋಹ ಬೇಡ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ದೂಳನ್ನು ಊದಬಾರದು; ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಟಯರಿನ ಪಟ್ಟಿ ಸವೆಯದೆ ಹೊಸದರಂತೆ ಕಂಡರೂ ರಬ್ಬರ್ ಗಾಳಿಯ ಓಜೋನಿಗೆ ಬಿರಿದಿರುತ್ತದೆ. 2000ದ ನಂತರದ ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ.

ಹೊರಮೈಯ ವಿಷಯಕ್ಕೆ ಬಂದಾಗ ಬಹಳ ಮಂದಿ ಆತುರಪಡುತ್ತಾರೆ. ಹಳೆಯ ಜಾವಾದ ಟ್ಯಾಂಕಿನ ಬದಿಯಲ್ಲಿ ಹೊಳೆಯುವ ಕ್ರೋಮ್ ಪದರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ತೆಳು. ಅದರಡಿಯಲ್ಲಿ ಹೆಚ್ಚು ದಪ್ಪದ ನಿಕ್ಕಲ್ ಇದೆ. ಕ್ರೋಮಿನ ಕಾಣದ ಬಿರುಕುಗಳಿಂದ ಉಪ್ಪುನೀರಿಳಿದು ಒಳಗಿನ ಉಕ್ಕು ತುಕ್ಕು ಕಾರುತ್ತದೆ. ಕಂದು ಚುಕ್ಕೆಗಳೆಲ್ಲ ಪದರ ಹೋದ ಜಾಗವಲ್ಲ, ತುಕ್ಕು ಹೊರಬಂದು ಹರಡಿದ ಜಾಗ. ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಲ್ಲದ್ದಿ, ಮೆಲ್ಲಗೆ ಉಜ್ಜಿದರೆ ಅವು ಅಚ್ಚರಿಯಾಗುವಷ್ಟು ಹೋಗುತ್ತವೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತು, ಹಾಗಾಗಿ ಗೀರು ಬೀಳದು. ಉಪ್ಪುಕಾಗದ ಹಿಡಿದವರು ಉಳಿದ ಕ್ರೋಮನ್ನೂ ಕಳೆಯುತ್ತಾರೆ. ಟ್ಯಾಂಕಿನ ಅಂಚಿನಲ್ಲಿ ಮೈಸೂರಿನ ಕೆಲಸಗಾರರು ಎಳೆದ ತೆಳು ಗೆರೆ ಇನ್ನೂ ಉಳಿದಿದ್ದರೆ, ಬಣ್ಣ ಮಾಸಿದ್ದರೂ ಹಾಗೇ ಬಿಡುವುದು ಒಳ್ಳೆಯದು. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಬಳಿಯಬಹುದು, ಆ ಗೆರೆಯನ್ನು ಮತ್ತೆ ತರಲಾಗದು.

ಬಣ್ಣ ಬಳಿಯಲೇಬೇಕಾದ ಫ್ರೇಮು, ಮಡ್‌ಗಾರ್ಡುಗಳಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಸವರುವುದುಂಟು. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿಸುತ್ತದೆ. ಆ ಕಪ್ಪು ಪೊರೆಯ ಮೇಲೆ ಪ್ರೈಮರ್ ಗಟ್ಟಿಯಾಗಿ ಕೂರುತ್ತದೆ. ಕಬ್ಬಿಣವನ್ನು ರಂಜಕ (ಫಾಸ್ಫರಸ್) ಕಾಯುತ್ತದೆ ಎಂಬುದಕ್ಕೆ ಸಾವಿರದಾರುನೂರು ವರ್ಷದ ದೆಹಲಿಯ ಕಬ್ಬಿಣದ ಕಂಬವೇ ಸಾಕ್ಷಿ. ಅದರಲ್ಲಿ ರಂಜಕದ ಅಂಶ ಹೆಚ್ಚಿದ್ದು, ಮೈಮೇಲೆ ತೆಳುವಾದ ರಕ್ಷಾಪೊರೆ ಕಟ್ಟಿದೆ ಎಂದು ಕಾನ್ಪುರದ ಐಐಟಿಯ ಲೋಹವಿಜ್ಞಾನಿ ಆರ್. ಬಾಲಸುಬ್ರಹ್ಮಣ್ಯಂ ವಿವರಿಸಿದರು. ಅಂಥದ್ದೇ ಇನ್ನೊಂದು ಕಂಬ ಹೆಬಳೆಗೆ ಬಹಳ ದೂರವಲ್ಲದ ಕೊಡಚಾದ್ರಿಯಲ್ಲಿದೆ. ಮೂಲ ಮೂಕಾಂಬಿಕೆಯ ಗುಡಿಯ ಮುಂದಿನ ಆ ಕಬ್ಬಿಣದ ಕಂಬ ಪಶ್ಚಿಮ ಘಟ್ಟದ ಅಬ್ಬರದ ಮಳೆಯನ್ನು ತಲೆಮಾರುಗಳಿಂದ ಸಹಿಸಿಕೊಂಡು ನಿಂತಿದೆ. ಲೋಹಕ್ಕಿಂತ ಅದರ ಮೇಲಿನ ಪೊರೆ ಹೆಚ್ಚು ಮುಖ್ಯ ಎಂಬ ಮಾತನ್ನು ಕಣ್ಣಾರೆ ಕಾಣಬೇಕೆನ್ನುವವರು ಅಲ್ಲಿಗೆ ಹೋಗಿಬರಬಹುದು.

ಎಲ್ಲ ಜೋಡಿಸಿದ ಮೇಲೆ ಮೊದಲ ಸ್ಟಾರ್ಟ್. ಹಳೆಯ ಕಾಲದ ಎಣ್ಣೆಗಳಿಗೆ ಅನುಗುಣವಾಗಿ ಇಪ್ಪತ್ತು ಇಪ್ಪತ್ತೈದು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೆರೆಸುತ್ತಿದ್ದರು. ಹೊಸದಾಗಿ ಬೋರ್ ಮಾಡಿಸಿದ ಎಂಜಿನ್ನಿಗೆ ಆ ಲೆಕ್ಕವೇ ಸುರಕ್ಷಿತ. ಐದು ಲೀಟರಿಗೆ 200ರಿಂದ 250 ಮಿ.ಲೀ. ಎಣ್ಣೆ. ಮೊದಲ ದಿನ ಹೆದ್ದಾರಿ 66ರಲ್ಲಿ ಮುರ್ಡೇಶ್ವರದವರೆಗೆ ಹೋಗಿ, ಎಂಜಿನ್ ತಣಿಯಲು ಬಿಟ್ಟು ಹಿಂತಿರುಗಿದರೆ ಸಾಕು. ಹೊಸ ರಿಂಗುಗಳು ಗೋಡೆಗೆ ಹೊಂದಿಕೊಳ್ಳಲು ಐನೂರು ಕಿಲೋಮೀಟರಾದರೂ ಬೇಕು. ಅಲ್ಲಿಯವರೆಗೆ ಪೂರ್ತಿ ಎಕ್ಸಿಲರೇಟರ್ ಕೊಡಬಾರದು, ದೀರ್ಘಕಾಲ ಒಂದೇ ವೇಗದಲ್ಲೂ ಓಡಿಸಬಾರದು. ನಂತರ ಪ್ಲಗ್ ಬಿಚ್ಚಿ ನೋಡಬೇಕು. ಅದರ ತುದಿ ಕಾಫಿಪುಡಿಯ ಕಂದು ಬಣ್ಣದಲ್ಲಿದ್ದರೆ ಮಿಶ್ರಣ ಸರಿಯಿದೆ; ಬೂದಿಯಂತೆ ಬೆಳ್ಳಗಿದ್ದರೆ ತೆಳು, ಒದ್ದೆಯಾಗಿ ಕಪ್ಪಾಗಿದ್ದರೆ ದಟ್ಟ.

ಗಾಡಿ ಕೊಳ್ಳುವ ಮೊದಲೇ ಆರ್‌ಸಿ ಪುಸ್ತಕದ ಎಂಜಿನ್ ಮತ್ತು ಚಾಸಿ ನಂಬರು ಗಾಡಿಯ ಮೇಲಿನವಕ್ಕೆ ಹೊಂದುತ್ತವೆಯೇ ಎಂದು ನೋಡಿಕೊಳ್ಳಬೇಕು. ತುಕ್ಕಿನಡಿ ಅಡಗಿದ ಅಂಕಿಗಳನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಬೇಕೇ ಹೊರತು ಗ್ರೈಂಡರ್ ತಾಗಿಸಬಾರದು, ಅಂಕಿ ಅಳಿದ ಗಾಡಿಗೆ ಕಾನೂನಿನಲ್ಲಿ ಜಾಗವಿಲ್ಲ. ಭಟ್ಕಳದವರ ನೋಂದಣಿ ಕೆಲಸ ನಡೆಯುವುದು ಕೆಎ-47 ಸಂಖ್ಯೆಯ ಹೊನ್ನಾವರ ಕಚೇರಿಯಲ್ಲಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ, ಮೂಲರೂಪದಿಂದ ಹೆಚ್ಚು ಬದಲಾಗದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ ತಂದಿತು. ಅವುಗಳ ನಂಬರಿನಲ್ಲಿ ರಾಜ್ಯದ ಸಂಕೇತದ ನಂತರ ವಿಎ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಆ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಉದ್ದೇಶಗಳಿಗೆ ಮಾತ್ರ. ಪೇಟೆಗೆ ಹೋಗಿಬರಲು ಗಾಡಿ ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಮೇಲು.

ದುರಸ್ತಿಯಾದ ಗಾಡಿಗೂ ಕಡಲು ಅಷ್ಟೇ ಹತ್ತಿರ. ತೆಂಗಿನಗುಂಡಿಯ ದಂಡೆಗೆ ಹೋಗಿಬಂದ ದಿನ ಒಂದು ಬಿಂದಿಗೆ ಸಿಹಿನೀರು ಹಾಕಿ ತೊಳೆಯಿರಿ. ಮೇ ಕೊನೆಗೆ, ಮೊದಲ ಮಳೆಗೆ ಮುಂಚೆ, ಕಾರ್ಬ್ಯುರೇಟರಿನ ಬಟ್ಟಲನ್ನು ಬರಿದು ಮಾಡಿ; ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಒಳಮೈಗೆ ಎಣ್ಣೆ ಬಳಿದು ಮುಚ್ಚಿಡಿ; ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು, ಗಾಡಿಯನ್ನು ಗೇರಿಗೆ ಹಾಕಿ ಹಿಂದಿನ ಚಕ್ರ ತಿರುಗಿಸಿ. ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಚಕ್ರವನ್ನು ಎರಡು ಸುತ್ತು ಕೈಯಲ್ಲಿ ತಿರುಗಿಸಿದರೆ ರಿಂಗು ಒಂದೇ ಜಾಗದಲ್ಲಿ ಕೂತು ತುಕ್ಕು ಹಿಡಿಯುವುದಿಲ್ಲ.